ಜರ್ಮನ್ ಐಷಾರಾಮಿ ಕಾರಿನಿಂದ ಕೊರಿಯಾದ ಸ್ಪೋರ್ಟ್ಸ್ ಸೆಡಾನ್‌ಗೆ: ಸಿಗುವುದೇನು, ಬಿಡಬೇಕಾದುದೇನು

ಜರ್ಮನ್ ಐಷಾರಾಮಿ ಕಾರನ್ನು ಮಾರಿಬಿಡೋಣ ಎಂಬ ಯೋಚನೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಸರ್ವಿಸ್ ಸೆಂಟರಿನವರು ದುರಸ್ತಿಯ ಅಂದಾಜು ಪಟ್ಟಿ ಕೈಗಿತ್ತಾಗ. ವಾರಂಟಿ ಮುಗಿದಿರುತ್ತದೆ. ಎಂಜಿನ್ನಿನ ಯಾವುದೋ ಗ್ಯಾಸ್ಕೆಟ್‌ನಲ್ಲಿ ಆಯಿಲ್ ಸೋರತೊಡಗಿರುತ್ತದೆ, ಕೂಲಂಟ್ ಹರಿಯುವ ಪ್ಲಾಸ್ಟಿಕ್ ಕೊಳವೆ ಬಿರುಕು ಬಿಟ್ಟಿರುತ್ತದೆ, ಪಟ್ಟಿಯ ತಳದ ಮೊತ್ತ ನೋಡುವಷ್ಟರಲ್ಲಿ ಕಾರಿನ ಮೇಲಿನ ಪ್ರೀತಿ ಅರ್ಧಕ್ಕೆ ಇಳಿದಿರುತ್ತದೆ. ಸರಿಯಾಗಿ ಅಂಥ ಹೊತ್ತಿನಲ್ಲೇ ಕೊರಿಯಾದ ಹ್ಯುಂಡೈ ಸಮೂಹಕ್ಕೆ ಸೇರಿದ ಕಿಯಾದ ಸ್ಟಿಂಗರ್, ಅಥವಾ ಅದೇ ಸಮೂಹದ ಐಷಾರಾಮಿ ಬ್ರ್ಯಾಂಡ್ ಆದ ಜೆನೆಸಿಸ್‌ನ ಜಿ70 ಕಣ್ಣಿಗೆ ಬೀಳುತ್ತದೆ. ಹಿಂಬದಿ ಚಕ್ರಗಳ ಚಾಲನೆ, ಆರು ಸಿಲಿಂಡರ್, ಎರಡು ಟರ್ಬೊ, ಬ್ರೆಂಬೊ ಬ್ರೇಕ್. ಬೆಲೆ ಮಾತ್ರ ಒಂದು ಮೆಟ್ಟಿಲು ಕೆಳಗೆ.

ಹಾಗಾದರೆ ಬದಲಾಯಿಸಬಹುದೇ? ಬಹುಪಾಲು ಜನರಿಗೆ ನನ್ನ ಉತ್ತರ ಹೌದು. ಆದರೆ ಅವರು ಸಾಮಾನ್ಯವಾಗಿ ಮುಂದಿಡುವ ಕಾರಣ ನನಗೆ ಒಪ್ಪಿಗೆಯಿಲ್ಲ. ವೇಗದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ‘ಎರಡೂ ಒಂದೇ, ಇದು ಅಗ್ಗ’ ಎಂದು ತೀರ್ಮಾನಿಸಿದವರು ಆರು ತಿಂಗಳಲ್ಲಿ ಹಳೆಯ ಕಾರನ್ನು ನೆನೆದು ಕೊರಗುವ ಸಾಧ್ಯತೆ ಹೆಚ್ಚು. ಎರಡೂ ಒಂದೇ ಅಲ್ಲ. ವ್ಯತ್ಯಾಸ ಇರುವುದು ಅಂಕಿಗಳು ಹೇಳದ ಜಾಗಗಳಲ್ಲಿ: ಗೇರ್‌ಬಾಕ್ಸ್‌ನ ಜಾಣತನದಲ್ಲಿ, ಹದಗೆಟ್ಟ ರಸ್ತೆಯಲ್ಲಿ ಕುಲುಕಾಟ ಅಡಗಿಸುವ ಡ್ಯಾಂಪರ್ ನಡೆದುಕೊಳ್ಳುವ ರೀತಿಯಲ್ಲಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ವಾರಂಟಿ ಮುಗಿದ ನಂತರದ ವರ್ಷಗಳ ಖರ್ಚಿನಲ್ಲಿ. ಮೊದಲ ಎರಡರಲ್ಲಿ ಜರ್ಮನ್ನರು ಮುಂದು. ಮೂರನೆಯದರಲ್ಲಿ ಕೊರಿಯನ್ನರು. ಇವುಗಳಲ್ಲಿ ನಿಮ್ಮನ್ನು ದಿನವೂ ತಟ್ಟುವುದು ಯಾವುದು ಎಂಬುದರ ಮೇಲೆ ತೀರ್ಮಾನ ನಿಂತಿದೆ.

ಮೊದಲು ಜೋಡಿ ಸರಿಯಾಗಿರಲಿ

ತಪ್ಪು ಕಾರುಗಳನ್ನು ಹೋಲಿಸಿದರೆ ಉತ್ತರವೂ ತಪ್ಪೇ ಬರುತ್ತದೆ. ಸ್ಟಿಂಗರನ್ನು ಎಲ್ಲರೂ ಬಿಎಂಡಬ್ಲ್ಯು 3 ಸೀರೀಸ್‌ನ ಎದುರು ನಿಲ್ಲಿಸುತ್ತಾರೆ. ಅಳತೆ ನೋಡಿ: ಸ್ಟಿಂಗರ್‌ನ ಉದ್ದ 4,830 ಮಿ.ಮೀ., ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) 2,906 ಮಿ.ಮೀ. 2018ರಲ್ಲಿ ಬಂದ ಜಿ20 ಪೀಳಿಗೆಯ 3 ಸೀರೀಸ್‌ನ ಉದ್ದ 4,709, ವೀಲ್‌ಬೇಸ್ 2,851. ಅಂದರೆ ಕೊರಿಯಾದ ಕಾರು 12 ಸೆಂಟಿಮೀಟರ್‌ನಷ್ಟು ಹೆಚ್ಚು ಉದ್ದ, ತೂಕದಲ್ಲೂ ಹೆಚ್ಚು. ಮೇಲಾಗಿ ಅದು ಕಟ್ಟುನಿಟ್ಟಾದ ಅರ್ಥದಲ್ಲಿ ಸೆಡಾನ್ ಕೂಡ ಅಲ್ಲ. ಹಿಂದಿನ ಗಾಜು ಸಮೇತ ಡಿಕ್ಕಿಯ ಬಾಗಿಲು ಮೇಲೇಳುವ ಲಿಫ್ಟ್‌ಬ್ಯಾಕ್. ಹಾಗಾಗಿ ಅದರ ನಿಜವಾದ ಎದುರಾಳಿಗಳು ಬಿಎಂಡಬ್ಲ್ಯು 4 ಸೀರೀಸ್ ಗ್ರ್ಯಾನ್ ಕೂಪೆ ಮತ್ತು ಆಡಿ ಎ5 ಸ್ಪೋರ್ಟ್‌ಬ್ಯಾಕ್. ದೂರದ ಪ್ರಯಾಣಕ್ಕೆಂದೇ ರೂಪಿಸಿದ, ಉದ್ದ ಮೂತಿಯ, ಇಳಿಜಾರು ಚಾವಣಿಯ ಕಾರುಗಳ ಗುಂಪು ಇದು.

3 ಸೀರೀಸ್ ಅಥವಾ ಮರ್ಸಿಡಿಸ್ ಸಿ-ಕ್ಲಾಸ್ ಬಿಟ್ಟು ಬರುವವರು ಮೊದಲು ನೋಡಬೇಕಾದದ್ದು ಜೆನೆಸಿಸ್ ಜಿ70. ಸ್ಟಿಂಗರ್‌ನ ಅದೇ ಅಡಿಪಾಯ, ಅದೇ ಎಂಜಿನ್‌ಗಳು, ಆದರೆ ವೀಲ್‌ಬೇಸ್ 2,835 ಮಿ.ಮೀ.ಗೆ ಇಳಿದಿದೆ, ಒಳಾಂಗಣ ಹೆಚ್ಚು ಸಿರಿವಂತ. 2019ರ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿ ಇದಕ್ಕೇ ಸಂದಿತು. ಅದೇ ವರ್ಷದ ಮೋಟರ್ ಟ್ರೆಂಡ್ ಪತ್ರಿಕೆಯ ವರ್ಷದ ಕಾರು ಕೂಡ ಇದೇ. ಇದರ ದೊಡ್ಡ ಕೊರತೆ ಹಿಂದಿನ ಸೀಟು. ಎತ್ತರದವರು ಹಿಂದೆ ಕೂತರೆ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆ. ಯುರೋಪಿನ ಲೆಕ್ಕದಲ್ಲಿ ಡಿಕ್ಕಿ 330 ಲೀಟರ್, 3 ಸೀರೀಸ್‌ನದು 480. ಮನೆಯಲ್ಲಿ ಬೆಳೆದ ಮಕ್ಕಳಿದ್ದರೆ ಉಳಿದದ್ದನ್ನು ಓದುವ ಮುನ್ನ ಅವರನ್ನು ಒಮ್ಮೆ ಹಿಂದೆ ಕೂರಿಸಿ ನೋಡಿ.

ಹ್ಯುಂಡೈ ಎಲಾಂಟ್ರಾ ಎನ್ ಕೂಡ ಕೊರಿಯಾದ ಸ್ಪೋರ್ಟ್ಸ್ ಸೆಡಾನ್ ನಿಜ. ಎರಡು ಲೀಟರಿನ ಟರ್ಬೊ ಎಂಜಿನ್, ಮುಂಬದಿ ಚಕ್ರಗಳ ಚಾಲನೆ, ಬೇಕೆಂದರೆ ಕೈಯಿಂದ ಹಾಕುವ ಆರು ಗೇರ್. ತಿರುವು ರಸ್ತೆಯಲ್ಲಿ ಅದು ಕೊಡುವ ಖುಷಿಗೆ ಎಣೆಯಿಲ್ಲ. ಆದರೆ ಐಷಾರಾಮಿ ಕಾರಿನ ಮೌನಕ್ಕೆ ಒಗ್ಗಿದವರಿಗೆ ಅದರ ಸದ್ದು, ಅದರ ಬಿಗಿ ಸಸ್ಪೆನ್ಷನ್ ವಾರದೊಳಗೆ ಸಾಕೆನಿಸುತ್ತದೆ. ಎರಡನೆಯ ಕಾರಾಗಿ ಇಟ್ಟುಕೊಳ್ಳಬಹುದು. ಇಲ್ಲಿ ಅದನ್ನು ಬದಿಗಿಡುತ್ತೇನೆ.

ಜರ್ಮನ್ ಕೈಗಳು ಕಟ್ಟಿದ ಕೊರಿಯಾದ ಕಾರು

ಸ್ಟಿಂಗರ್ ಎಲ್ಲಿಂದಲೋ ಉದುರಿದ್ದಲ್ಲ. ಮೊದಲ ತಲೆಮಾರಿನ ಆಡಿ ಟಿಟಿಯ ವಿನ್ಯಾಸಕ್ಕೆ ಹೆಸರಾದ ಪೀಟರ್ ಶ್ರಾಯರ್ 2006ರಲ್ಲಿ ಕಿಯಾ ಸೇರಿದರು. 2011ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಿಯಾ ಜಿಟಿ ಎಂಬ ಮಾದರಿ ಕಾಣಿಸಿಕೊಂಡಿತು. ಅದರ ಉತ್ಪಾದನಾ ರೂಪವೇ 2017ರ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಅನಾವರಣಗೊಂಡ ಸ್ಟಿಂಗರ್. ಅಷ್ಟರಲ್ಲಿ ಬಿಎಂಡಬ್ಲ್ಯುವಿನ ವೇಗದ ಕಾರುಗಳನ್ನು ರೂಪಿಸುವ ಎಂ ವಿಭಾಗದಲ್ಲಿ ಎಂಜಿನಿಯರಿಂಗ್ ಮುಖ್ಯಸ್ಥರಾಗಿದ್ದ ಆಲ್ಬರ್ಟ್ ಬೀರ್ಮನ್ 2015ರಲ್ಲಿ ಹ್ಯುಂಡೈ ಸಮೂಹಕ್ಕೆ ಬಂದಿದ್ದರು. ಸಸ್ಪೆನ್ಷನ್, ಸ್ಟೇರಿಂಗ್‌ಗಳ ಹದ ನೋಡಿದ್ದು ಅವರ ತಂಡ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ರೇಸ್ ಪಥದ ಪಕ್ಕದಲ್ಲೇ ಸಮೂಹಕ್ಕೆ ಪರೀಕ್ಷಾ ಕೇಂದ್ರವೊಂದು ಇದೆ.

ಹಾಗಾಗಿ ‘ಕಿಯಾದವರಿಗೆ ಇದೆಲ್ಲ ಏನು ಗೊತ್ತು’ ಎಂಬ ಮಾತಿಗೆ ಅರ್ಥವಿಲ್ಲ. ಗೊತ್ತಿದ್ದವರನ್ನೇ ಕರೆಸಿಕೊಂಡಿದ್ದರು. ತಮಾಷೆಯೆಂದರೆ ತನ್ನ ಲಾಂಛನದ ಬಗ್ಗೆ ಆ ಕಂಪನಿಗೇ ಅಳುಕಿತ್ತು. ತವರಾದ ದಕ್ಷಿಣ ಕೊರಿಯಾದಲ್ಲಿ ಮೊದಲ ಸ್ಟಿಂಗರ್‌ಗಳು ಕಿಯಾ ಲಾಂಛನವಿಲ್ಲದೆ, ಇಂಗ್ಲಿಷಿನ ‘ಇ’ ಅಕ್ಷರವನ್ನು ಹೋಲುವ ಬೇರೆಯೇ ಗುರುತು ಹೊತ್ತು ಮಾರಾಟವಾದವು. ಪಾರ್ಕಿಂಗ್‌ನಲ್ಲಿ ಜನ ಮೂತಿಯ ಮೇಲಿನ ಗುರುತನ್ನು ನೋಡುತ್ತಾರೆ ಎಂಬುದು ನಿಮಗೆ ಮುಖ್ಯವಾದರೆ ನಾಚಿಕೊಳ್ಳಬೇಕಿಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಸೇರಿಸದೆ ಕೊಂಡು ಆಮೇಲೆ ಸಂಕಟಪಡುವುದಕ್ಕಿಂತ ಅದು ವಾಸಿ.

ಅಂಕಿಗಳು

ಸ್ಟಿಂಗರ್ ಜಿಟಿ ಮತ್ತು ಜಿ70ರ ಮೇಲ್ದರ್ಜೆಯಲ್ಲಿರುವುದು 3.3 ಲೀಟರಿನ ಅವಳಿ ಟರ್ಬೊ ವಿ6, ಅಂದರೆ ‘ವಿ’ ಆಕಾರದಲ್ಲಿ ಜೋಡಿಸಿದ ಆರು ಸಿಲಿಂಡರಿನ ಎಂಜಿನ್. ಆರಂಭದಲ್ಲಿ 365 ಅಶ್ವಶಕ್ತಿ, 510 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ 1,300 ಆರ್‌ಪಿಎಂನಿಂದಲೇ ಪೂರ್ತಿ ಸಿಗುವುದರಿಂದ ಕಾಲು ತಾಗಿಸಿದರೆ ಸಾಕು, ಕಾರು ಹಾರುತ್ತದೆ. ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ ಕಿಯಾ ಘೋಷಿಸಿದ ಸಮಯ 4.9 ಸೆಕೆಂಡ್, ಗರಿಷ್ಠ ವೇಗ 270 ಕಿ.ಮೀ. 3 ಸೀರೀಸ್‌ನ ಆರು ಸಿಲಿಂಡರಿನ, ನಾಲ್ಕು ಚಕ್ರಗಳ ಚಾಲನೆಯ ಆವೃತ್ತಿಯಾದ ಬಿಎಂಡಬ್ಲ್ಯು ಎಂ340ಐ ಎಕ್ಸ್‌ಡ್ರೈವ್ ಅದೇ ಓಟವನ್ನು 4.4 ಸೆಕೆಂಡಿನಲ್ಲಿ ಮುಗಿಸುತ್ತದೆ. ಆಡಿ ಎ4ರ ಸ್ಪೋರ್ಟ್ಸ್ ಆವೃತ್ತಿಯಾದ ಎಸ್4ಗೆ (ಬಿ9 ಪೀಳಿಗೆ) 4.7. ಜರ್ಮನ್ನರು ತಮ್ಮತಮ್ಮಲ್ಲೇ ಒಪ್ಪಿಕೊಂಡಂತೆ 250ಕ್ಕೆ ಕಡಿವಾಣ ಹಾಕಿಕೊಳ್ಳುವುದರಿಂದ ಗರಿಷ್ಠ ವೇಗದಲ್ಲಿ ಕಿಯಾ ಗೆಲ್ಲುತ್ತದೆ. ಆ ಗೆಲುವಿನಿಂದ ಯಾರಿಗೆ ಲಾಭವೋ ಕಾಣೆ.

ಇಂಧನದ ವಿಷಯಕ್ಕೆ ಬಂದರೆ ನಗು ಮಾಯವಾಗುತ್ತದೆ. ಅಮೆರಿಕದ ಅಧಿಕೃತ ಅಂದಾಜನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಸ್ಟಿಂಗರ್ ವಿ6 ನೂರು ಕಿಲೋಮೀಟರಿಗೆ ಸುಮಾರು 11 ಲೀಟರ್ ಕುಡಿಯುತ್ತದೆ, ಎಂ340ಐ ಸುಮಾರು 9. ಊರೊಳಗಿನ ಸಂಚಾರದಲ್ಲಿ ಎರಡರ ಅಂಕಿಯೂ ಏರುತ್ತದೆ. ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿಸುವವರಿಗೆ ನಾನೂರು ಲೀಟರ್ ವ್ಯತ್ಯಾಸ. ಬಿಎಂಡಬ್ಲ್ಯುವಿನ ಬಿ58 ಎಂಬ ಆರು ಸಿಲಿಂಡರಿನ ನೇರಸಾಲು ಎಂಜಿನ್ ಈ ಕಾಲದ ಅತ್ಯುತ್ತಮ ಪೆಟ್ರೋಲ್ ಎಂಜಿನ್‌ಗಳಲ್ಲಿ ಒಂದು ಎಂದು ಹಲವರು ಹೇಳುವುದು ಸುಮ್ಮನೆ ಅಲ್ಲ. ನುಣುಪು, ಶಕ್ತಿ, ಮಿತವ್ಯಯ ಮೂರೂ ಒಂದೇ ಕಡೆ ಇವೆ. ಕೊರಿಯಾದ ವಿ6ಗೆ ಎದೆಗಾರಿಕೆ ಇದೆ, ನಾಜೂಕು ಕಡಿಮೆ.

ಒಂದು ಸಣ್ಣ ಸಮಾಧಾನ: ಟೈರ್ ಖರ್ಚಿನಲ್ಲಿ ವ್ಯತ್ಯಾಸವಿಲ್ಲ. ಸ್ಟಿಂಗರ್ ವಿ6ಗೆ 19 ಅಂಗುಲದ ಚಕ್ರಗಳು, ಮುಂದೆ 225/40, ಹಿಂದೆ 255/35. ಎಂ340ಐಗೆ ಸಿಗುವ 19 ಅಂಗುಲದ ಜೋಡಿಯ ಅಳತೆಯೂ ಇದೇ. ಮುಂದಿನ, ಹಿಂದಿನ ಟೈರುಗಳ ಅಳತೆ ಬೇರೆಬೇರೆಯಾದ್ದರಿಂದ ಎರಡರಲ್ಲೂ ಮುಂದಿನದನ್ನು ಹಿಂದಕ್ಕೆ ಹಾಕಿ ಆಯುಷ್ಯ ಹೆಚ್ಚಿಸುವ ಉಪಾಯ ನಡೆಯುವುದಿಲ್ಲ.

ಸ್ಟೇರಿಂಗ್ ಹಿಡಿದ ಮೇಲೆ

ಅಂಕಿಗಳನ್ನು ಮರೆತು ರಸ್ತೆಗಿಳಿದರೆ ಮೊದಲ ಒಂದು ಗಂಟೆ ನಿಮಗೆ ವ್ಯತ್ಯಾಸವೇ ತಿಳಿಯದಿರಬಹುದು. ಬಾಗಿಲು ಭಾರವಾಗಿ ಮುಚ್ಚುತ್ತದೆ. ಕೂರುವ ಭಂಗಿ ತಗ್ಗಿನಲ್ಲಿ, ಕಾಲು ಮುಂದಕ್ಕೆ ಚಾಚಿ, ಎದುರಿಗೆ ಉದ್ದನೆಯ ಬಾನೆಟ್. ಎಂಜಿನ್ನನ್ನು ಉದ್ದಕ್ಕೆ ಇರಿಸಿ ಹಿಂಬದಿಗೆ ಶಕ್ತಿ ಕಳಿಸುವ ಕಾರಿನ ನಡಿಗೆ ಅದು, ಸಾಮಾನ್ಯ ಕಿಯಾಗಳದ್ದಲ್ಲ. ಹೆದ್ದಾರಿಯಲ್ಲಿ ಉದ್ದ ವೀಲ್‌ಬೇಸ್ ತನ್ನ ಕೆಲಸ ಮಾಡುತ್ತದೆ. ದೊಡ್ಡ ವೇಗದಲ್ಲೂ ಸ್ಟಿಂಗರ್ ಗೆರೆ ಎಳೆದಂತೆ ಸಾಗುತ್ತದೆ, ಮತ್ತು ದಿನವಿಡೀ ಓಡಿಸಿದರೂ ಬೆನ್ನು ದೂರುವುದಿಲ್ಲ. ಈ ಒಂದು ವಿಷಯದಲ್ಲಿ ಬಿಗಿ ಸಸ್ಪೆನ್ಷನ್ನಿನ 3 ಸೀರೀಸ್‌ಗಿಂತ ಅದೇ ಮೇಲು ಎಂಬುದು ನನ್ನ ಎಣಿಕೆ.

ವ್ಯತ್ಯಾಸ ಕಾಣುವುದು ತಿರುವಿನ ಮಧ್ಯೆ ರಸ್ತೆ ಕೆಟ್ಟಾಗ. ಬಾಗಿದ ಕಾರು ಒಂದು ಉಬ್ಬನ್ನು ದಾಟಿತು ಎಂದಿಟ್ಟುಕೊಳ್ಳಿ. ಒಳ್ಳೆಯ ಬಿಎಂಡಬ್ಲ್ಯು ಒಂದೇ ಸಲ ಕುಗ್ಗಿ, ಎದ್ದು, ತೆಪ್ಪಗಾಗುತ್ತದೆ. ಸ್ಟಿಂಗರ್‌ನ ದೇಹ ಇನ್ನೊಂದು ಸಲ ತೂಗುತ್ತದೆ. ಸ್ಪೋರ್ಟ್ ಮೋಡ್‌ಗೆ ಹಾಕಿದರೆ ತೂಗಾಟ ತಗ್ಗುತ್ತದೆ, ಆದರೆ ಆಗ ಸಣ್ಣ ಗುಂಡಿಗಳೂ ಒಳಗೆ ಕೇಳಿಸುತ್ತವೆ. ಜರ್ಮನ್ನರ ಎಲೆಕ್ಟ್ರಾನಿಕ್ ಡ್ಯಾಂಪರ್‌ಗಳು ಎರಡು ಗುಣಗಳನ್ನೂ ಒಂದೇ ಹೊತ್ತಿನಲ್ಲಿ ಕೊಡುವ ಕಲೆ ಕಲಿತಿವೆ. ಕೊರಿಯಾದ್ದರಲ್ಲಿ ನೀವು ಒಂದನ್ನು ಆರಿಸಿಕೊಳ್ಳಬೇಕು. ಜಿ70 ಗಿಡ್ಡವಾಗಿ ಹಗುರವಾಗಿರುವುದರಿಂದ ಈ ದೋಷ ಅದರಲ್ಲಿ ಕಡಿಮೆ. ತಿರುವು ರಸ್ತೆಗಳಿಗಾಗಿಯೇ ಕಾರು ಕೊಳ್ಳುವವರು ಸ್ಟಿಂಗರನ್ನು ಬಿಟ್ಟು ಜಿ70ರ ಹಿಂಬದಿ ಚಾಲನೆಯ ವಿ6 ಹುಡುಕುವುದು ಒಳ್ಳೆಯದು.

ಆಡಿ ಬಿಟ್ಟು ಬರುವವರ ಅನುಭವ ಬೇರೆ ಥರ. ಆಡಿ ಎ4, ಎ5ಗಳಲ್ಲಿ ಎಂಜಿನ್ ಮುಂದಿನ ಆಕ್ಸಲ್‌ಗಿಂತ ಮುಂದಕ್ಕೆ ಚಾಚಿಕೊಂಡಿರುತ್ತದೆ. ತಿರುವಿಗೆ ಹೊಕ್ಕಾಗ ಮೂತಿ ಹೊರಕ್ಕೆ ಎಳೆಯುವುದು ಅದರ ಹುಟ್ಟುಗುಣ, ಆಡಿಯ ನಾಲ್ಕು ಚಕ್ರಗಳ ಚಾಲನಾ ವ್ಯವಸ್ಥೆಯಾದ ಕ್ವಾಟ್ರೊ ಅದನ್ನು ಎಷ್ಟೇ ಮುಚ್ಚಿಟ್ಟರೂ. ಆ ಕಾರಿನಿಂದ ಇಳಿದು ಸ್ಟಿಂಗರ್ ಹತ್ತಿದವರಿಗೆ ಇದೇ ಹೆಚ್ಚು ಚುರುಕು ಅನ್ನಿಸುವುದುಂಟು. ಆದರೆ ಮಳೆಗಾಲದಲ್ಲಿ, ಹಿಮದ ನಾಡುಗಳಲ್ಲಿ ಕ್ವಾಟ್ರೊ ಕೊಡುತ್ತಿದ್ದ ನಿಶ್ಚಿಂತೆ ಬೇಕೆಂದರೆ ಸ್ಟಿಂಗರ್‌ನ ನಾಲ್ಕು ಚಕ್ರಗಳ ಚಾಲನೆಯ ಆವೃತ್ತಿಯನ್ನೇ ತೆಗೆದುಕೊಳ್ಳಿ. 510 ನ್ಯೂಟನ್ ಮೀಟರ್ ಒದ್ದೆ ರಸ್ತೆಯ ಮೇಲೆ ಬರೀ ಎರಡು ಚಕ್ರಗಳಿಗೆ ಹೊರಲಾಗದ ಹೊರೆ.

ಇನ್ನು ಗೇರ್‌ಬಾಕ್ಸ್. ನಿಜವಾದ ಹಿನ್ನಡೆ ಇಲ್ಲಿದೆ, ಕೊಳ್ಳುವವರು ಕಡಿಮೆ ಗಮನಿಸುವುದೂ ಇದನ್ನೇ. ಬಿಎಂಡಬ್ಲ್ಯು ಬಳಸುವುದು ಝಡ್‌ಎಫ್ ಕಂಪನಿಯ ಎಂಟು ಗೇರಿನ ಸ್ವಯಂಚಾಲಿತ ಪೆಟ್ಟಿಗೆ. ಚಾಲಕನ ಮನಸ್ಸನ್ನು ಓದಿದಂತೆ ಅದು ಗೇರ್ ಇಳಿಸುತ್ತದೆ, ಏರಿಸುತ್ತದೆ. ಬ್ರೇಕ್ ಒತ್ತಿ ತಿರುವಿಗೆ ಬರುವಷ್ಟರಲ್ಲಿ ಬೇಕಾದ ಗೇರ್ ಸಿದ್ಧವಾಗಿರುತ್ತದೆ. ಹ್ಯುಂಡೈ ಸಮೂಹ ತಾನೇ ತಯಾರಿಸಿದ ಎಂಟು ಗೇರಿನ ಪೆಟ್ಟಿಗೆ ಶಾಂತವಾಗಿ ಓಡಿಸುವಾಗ ಅಷ್ಟೇ ನಯ. ಆದರೆ ದಿಢೀರನೆ ಕಾಲೊತ್ತಿದರೆ ಒಂದು ಕ್ಷಣ ಯೋಚಿಸುತ್ತದೆ. ಆರಂಭದ ಸ್ಟಿಂಗರ್‌ಗಳಲ್ಲಿ ಸ್ಟೇರಿಂಗ್ ಹಿಂದಿನ ಪ್ಯಾಡಲ್ ಎಳೆದು ಗೇರ್ ಬದಲಿಸಿದರೂ ಸ್ವಲ್ಪ ಹೊತ್ತಿನ ಬಳಿಕ ಅದು ತನ್ನ ಪಾಡಿಗೆ ಆಟೊಮ್ಯಾಟಿಕ್‌ಗೆ ಮರಳುತ್ತದೆ. ದಿನನಿತ್ಯದ ಓಡಾಟದಲ್ಲಿ ಇದರಿಂದ ಏನೂ ಬಾಧೆಯಿಲ್ಲ. ಘಾಟಿಯಲ್ಲಿ ಮಾತ್ರ ರೇಗುತ್ತದೆ.

ಎಂಜಿನ್ನಿನ ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಕಡೆಯವರು ಈಗ ಸ್ಪೀಕರ್ ಮೂಲಕ ಗುಡುಗು ಬೆರೆಸುತ್ತಾರೆ.

ಒಳಗೆ

ಚರ್ಮ, ಹೊಲಿಗೆ, ಲೋಹದ ಗುಂಡಿಗಳ ವಿಷಯದಲ್ಲಿ ಜಿ70 ಯಾವ ಜರ್ಮನ್ ಕಾರಿಗೂ ತಲೆಬಾಗಬೇಕಿಲ್ಲ. ಸ್ಟಿಂಗರ್ ಅರ್ಧ ಮೆಟ್ಟಿಲು ಕೆಳಗೆ: ಕೈ ತಾಗುವಲ್ಲೆಲ್ಲ ಚೆನ್ನಾಗಿದೆ, ಮೊಣಕಾಲು ತಾಗುವಲ್ಲಿ ಗಟ್ಟಿ ಪ್ಲಾಸ್ಟಿಕ್. 2020ರ ಪರಿಷ್ಕರಣೆಯ ನಂತರ 10.25 ಅಂಗುಲದ ಪರದೆ ಬಂತು. ಅದಕ್ಕೂ ಹಿಂದಿನವುಗಳ ಪರದೆ ಈಗ ಹಳತಾಗಿ ಕಾಣುತ್ತದೆ. ಹವಾನಿಯಂತ್ರಣಕ್ಕೆ ಮಾತ್ರ ಎರಡರಲ್ಲೂ ಪ್ರತ್ಯೇಕ ಗುಂಡಿಗಳಿವೆ. ತಾಪಮಾನ ಬದಲಿಸಲು ಪರದೆಯ ಮೆನುವಿನೊಳಗೆ ಇಳಿಯಬೇಕಾದ ಹೊಸ ಜರ್ಮನ್ ಕಾರುಗಳಲ್ಲಿ ಕೂತು ಬಂದವರಿಗೆ ಇದರ ಬೆಲೆ ಗೊತ್ತು.

ಸೌಲಭ್ಯಗಳನ್ನು ಮಾರುವ ರೀತಿಯಲ್ಲೂ ವ್ಯತ್ಯಾಸವಿದೆ. ಜರ್ಮನ್ನರು ಬರಿಗಾರಿನ ಬೆಲೆ ಹೇಳಿ ಒಂದೊಂದನ್ನೂ ಬಿಡಿಬಿಡಿಯಾಗಿ ಸೇರಿಸುತ್ತಾರೆ. ಕೊರಿಯನ್ನರು ತಂಪು ಗಾಳಿಯ ಸೀಟು, ಒಳ್ಳೆಯ ಸ್ಪೀಕರ್‌ಗಳನ್ನೆಲ್ಲ ಮೇಲ್ದರ್ಜೆಯ ಆವೃತ್ತಿಯಲ್ಲಿ ಒಟ್ಟಿಗೇ ತುಂಬಿಸಿ ಕೊಡುತ್ತಾರೆ. ಬಿಎಂಡಬ್ಲ್ಯು ಒಂದು ಕಾಲದಲ್ಲಿ ಆಪಲ್ ಕಾರ್‌ಪ್ಲೇಗೆ ವಾರ್ಷಿಕ ಚಂದಾ ಕೇಳಿತ್ತು, 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಲು ತಿಂಗಳ ಬಾಡಿಗೆ ಇಟ್ಟಿತ್ತು. ಟೀಕೆ ಬಂದ ಮೇಲೆ ಎರಡನ್ನೂ ಕೈಬಿಟ್ಟಿತು. ಆಗಲೇ ಕಾರಿನಲ್ಲಿ ಜೋಡಿಸಿರುವ ತಂತಿಗೆ ಬಾಡಿಗೆ ಕೇಳುವ ಧೈರ್ಯಕ್ಕೆ ಮೆಚ್ಚಬೇಕು.

ವಾರಂಟಿ ಮುಗಿದ ಮರುದಿನ

ಬದಲಾವಣೆಯ ನಿಜವಾದ ಲಾಭನಷ್ಟ ಇಲ್ಲಿ ತೀರ್ಮಾನವಾಗುತ್ತದೆ. ಅಮೆರಿಕದಲ್ಲಿ ಬಿಎಂಡಬ್ಲ್ಯುವಿನ ಹೊಸ ಕಾರಿಗೆ ಸಿಗುವುದು ನಾಲ್ಕು ವರ್ಷ ಅಥವಾ 50,000 ಮೈಲಿಯ ವಾರಂಟಿ. ಕಿಯಾ ಮತ್ತು ಜೆನೆಸಿಸ್ ಐದು ವರ್ಷ ಅಥವಾ 60,000 ಮೈಲಿ ಕೊಡುತ್ತವೆ, ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿ. ಯುರೋಪಿನಲ್ಲಿ ಕಿಯಾದ್ದು ಏಳು ವರ್ಷ ಅಥವಾ 1,50,000 ಕಿ.ಮೀ. ಕೇಳಲು ಚೆನ್ನಾಗಿದೆ. ಆದರೆ ಅಮೆರಿಕದ ಹತ್ತು ವರ್ಷದ ಭರವಸೆ ಮೊದಲ ಮಾಲೀಕರಿಗೆ ಮಾತ್ರ ಎಂಬುದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮರೆಯಬಾರದು. ಎರಡನೆಯವರ ಕೈಗೆ ಬಂದೊಡನೆ ಅದು ಐದು ವರ್ಷಕ್ಕೆ ಕುಗ್ಗುತ್ತದೆ. ಕಂಪನಿಯೇ ಪರಿಶೀಲಿಸಿ ಪ್ರಮಾಣೀಕರಿಸಿ ಮಾರಿದ ಕಾರಿಗೆ ಮಾತ್ರ ಹತ್ತು ವರ್ಷ ಮರಳಿ ಸಿಗುತ್ತದೆ. ಯುರೋಪಿನ ಏಳು ವರ್ಷ ಹಾಗಲ್ಲ, ಕಾರಿನ ಜತೆಗೇ ಹೋಗುತ್ತದೆ. ನೀವಿರುವ ದೇಶದ ನಿಯಮವನ್ನು ಮಾರುವವರ ಬಾಯಿಂದ ಕೇಳಿ ನಂಬಬೇಡಿ, ವಾರಂಟಿ ಪುಸ್ತಿಕೆಯಲ್ಲಿ ಓದಿ.

ವಾರಂಟಿ ಮುಗಿದ ಮೇಲೆ ಜರ್ಮನ್ ಕಾರು ಏಕೆ ದುಬಾರಿ? ಬಿಡಿಭಾಗಗಳ ಬೆಲೆ ಅರ್ಧ ಕಾರಣ. ಇನ್ನರ್ಧ ರಚನೆಯಲ್ಲಿದೆ. ಹೊಸ ಬಿಎಂಡಬ್ಲ್ಯುಗಳಲ್ಲಿ ಬ್ಯಾಟರಿ ಬದಲಿಸಿದರೆ ಅದನ್ನು ಕಾರಿನ ಕಂಪ್ಯೂಟರಿಗೆ ನೋಂದಾಯಿಸಬೇಕು, ಇಲ್ಲವಾದರೆ ಹಳೆಯ ಬ್ಯಾಟರಿಯೆಂದೇ ತಿಳಿದು ಚಾರ್ಜ್ ಮಾಡುತ್ತದೆ. ಆಯಿಲ್ ಮಟ್ಟ ನೋಡಲು ಬಹಳಷ್ಟು ಮಾದರಿಗಳಲ್ಲಿ ಡಿಪ್‌ಸ್ಟಿಕ್ ಇಲ್ಲ, ಪರದೆ ಹೇಳಿದ್ದೇ ಸತ್ಯ. ಹಿಂದಿನ ಪೀಳಿಗೆಯ ಸಿ-ಕ್ಲಾಸ್‌ಗೆ ಸಿಗುತ್ತಿದ್ದ, ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ನಿಲ್ಲುವ ಏರ್‌ಮ್ಯಾಟಿಕ್ ಸಸ್ಪೆನ್ಷನ್ ಇದ್ದಷ್ಟು ದಿನ ಸ್ವರ್ಗ. ರಬ್ಬರ್ ಚೀಲ ಸೋರಿತೆಂದರೆ ಕಾರು ಒಂದು ಕಡೆ ಕುಸಿದು ಕೂರುತ್ತದೆ. ಸ್ಟಿಂಗರ್ ಇವೆಲ್ಲದರಲ್ಲಿ ಹಳೆಯ ಕಾಲದ್ದು. ಉಕ್ಕಿನ ಸ್ಪ್ರಿಂಗ್, ಡಿಪ್‌ಸ್ಟಿಕ್, ಪಳಗಿದ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ ವಿ6. ಬಾನೆಟ್ ತೆರೆದು ತಾವೇ ಕೈಯಾಡಿಸುವ ಅಭ್ಯಾಸವಿರುವವರಿಗೆ ಇದೊಂದೇ ಕಾರಣ ಸಾಕು.

ಹಾಗೆಂದು ಅದು ನಿರಾತಂಕದ ಕಾರೆಂದು ಭಾವಿಸಬೇಡಿ. ಟರ್ಬೊ ಎಂಜಿನ್ನಿಗೆ ಆಯಿಲ್ ಬದಲಾವಣೆ ತಪ್ಪಬಾರದು, ಮತ್ತು ಕೊರಿಯಾದ ಟರ್ಬೊಗಳಿಗೆ ಆ ಅಂತರ ಜರ್ಮನ್ ಕಾರುಗಳಿಗಿಂತ ಚಿಕ್ಕದು. ಬಿಎಂಡಬ್ಲ್ಯು ಪರದೆ ಹೇಳುವವರೆಗೆ ಕಾದು ರೂಢಿಯಾದವರು ಇಲ್ಲಿ ಎಡವುತ್ತಾರೆ. 3.3 ಲೀಟರಿನ ಎಂಜಿನ್ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವುದರಿಂದ ಒಳಹರಿವಿನ ವಾಲ್ವ್‌ಗಳ ಮೇಲೆ ಮಸಿ ಕೂರುತ್ತದೆ. ಈ ತೊಂದರೆ ಬಹುತೇಕ ಜರ್ಮನ್ ಟರ್ಬೊಗಳಿಗೂ ಇದೆ, ಆದ್ದರಿಂದ ಇದರಲ್ಲಿ ಯಾರೂ ಗೆಲ್ಲುವುದಿಲ್ಲ. 2020ರ ಪರಿಷ್ಕರಣೆಯಲ್ಲಿ ಬಂದ 2.5 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಸಿಲಿಂಡರಿನೊಳಗೂ, ವಾಲ್ವ್‌ಗಳ ಮುಂದಿನ ಒಳಹರಿವಿನ ದಾರಿಯಲ್ಲೂ ಪೆಟ್ರೋಲ್ ಚಿಮ್ಮಿಸುವುದರಿಂದ ಆ ಚಿಂತೆ ಕಡಿಮೆ. ಸುಮಾರು 300 ಅಶ್ವಶಕ್ತಿಯ ಆ ಎಂಜಿನ್ ಬಹುಮಂದಿಗೆ ಧಾರಾಳ ಸಾಕು. ಆರಂಭದ 2.0 ಲೀಟರ್ ಟರ್ಬೊವನ್ನು ಮಾತ್ರ ನಾನು ಯಾರಿಗೂ ಸೂಚಿಸುವುದಿಲ್ಲ: ಈ ದೇಹಕ್ಕೆ ಅದರ ಉಸಿರು ಸಾಲದು. ಹ್ಯುಂಡೈ ಸಮೂಹದ ಬೇರೆ ಕಾರುಗಳಲ್ಲಿ ಬೇರಿಂಗ್ ಸವೆತದ ತೊಂದರೆಗಾಗಿ 2015ರಿಂದ ಅಮೆರಿಕದಲ್ಲಿ ಹಲವು ಸಲ ಹಿಂದಕ್ಕೆ ಕರೆಸಿಕೊಂಡ ಥೀಟಾ 2 ಎಂಬ ಎಂಜಿನ್ ಕುಟುಂಬಕ್ಕೆ ಅದು ಸೇರಿದ್ದು ಎಂಬುದೂ ನನ್ನ ಹಿಂಜರಿಕೆಗೆ ಕಾರಣ.

ಇನ್ನೊಂದು ಮಾತನ್ನು ಜರ್ಮನ್ನರ ಪರವಾಗಿ ಹೇಳಲೇಬೇಕು. ಹಳೆಯ ಬಿಎಂಡಬ್ಲ್ಯು, ಆಡಿಗಳನ್ನಷ್ಟೇ ರಿಪೇರಿ ಮಾಡುವ ಸ್ವತಂತ್ರ ಗ್ಯಾರೇಜುಗಳು ಬೇರೆಬೇರೆ ದೇಶಗಳಲ್ಲಿ ದಶಕಗಳಿಂದ ಇವೆ. ಎಲ್ಲಿ ಏನು ಕೆಡುತ್ತದೆ ಎಂದು ಅವರಿಗೆ ಬಾಯಿಪಾಠ. ಮೂಲ ಕಂಪನಿಗೆ ಭಾಗ ಪೂರೈಸುವವರೇ ತಮ್ಮ ಹೆಸರಿನಲ್ಲಿ ಮಾರುವ ಭಾಗಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಸ್ಟಿಂಗರ್‌ಗೆ ಅಂಥ ತಜ್ಞರ ಜಾಲ ಇಲ್ಲ. ಕಿಯಾ ಡೀಲರಿನ ಸಣ್ಣ ಕಾರುಗಳ ಸಾಲಿನಲ್ಲಿ ನಿಮ್ಮ ವಿ6 ಕೂಡ ನಿಲ್ಲುತ್ತದೆ, ಅದನ್ನು ಮುಟ್ಟುವ ಹುಡುಗ ಅಂಥ ಎಂಜಿನ್ನನ್ನು ವರ್ಷಕ್ಕೆ ಎಷ್ಟು ಸಲ ನೋಡುತ್ತಾನೋ! ಕಾಫಿ, ಬದಲಿ ಕಾರು, ವಿನಯದ ಫೋನ್ ಕರೆಗಳಿಗೆ ಒಗ್ಗಿದ ಐಷಾರಾಮಿ ಕಾರಿನ ಮಾಲೀಕರಿಗೆ ಮೊದಲ ಸರ್ವಿಸ್ ದಿನವೇ ನಿಜವಾದ ಆಘಾತ. ಪ್ರತ್ಯೇಕ ಡೀಲರುಗಳಿರುವ ಕಡೆ ಜೆನೆಸಿಸ್ ಈ ವಿಷಯದಲ್ಲಿ ಎಷ್ಟೋ ಮೇಲು.

ಸ್ಟಿಂಗರ್ ಈಗಿಲ್ಲ

2023ರಲ್ಲಿ ಸ್ಟಿಂಗರ್‌ನ ಉತ್ಪಾದನೆ ನಿಂತಿತು. ಕೊನೆಗೆ ಸಾವಿರ ಕಾರುಗಳ ವಿದಾಯದ ಆವೃತ್ತಿಯೊಂದನ್ನು ತಂದು ಕಿಯಾ ಬಾಗಿಲು ಹಾಕಿತು. ಆದ್ದರಿಂದ ಇಂದು ಸ್ಟಿಂಗರ್ ಎಂದರೆ ಸೆಕೆಂಡ್ ಹ್ಯಾಂಡ್ ಎಂದೇ ಅರ್ಥ. ಯಂತ್ರಭಾಗಗಳ ಬಗ್ಗೆ ಭಯ ಬೇಡ. ಅದೇ ವಿ6 ಜಿ70, ಜಿ80ಗಳಲ್ಲೂ ಇದ್ದುದರಿಂದ ಟರ್ಬೊ, ಪಂಪು, ಸಸ್ಪೆನ್ಷನ್ ತೋಳುಗಳು ಇನ್ನೂ ಬಹುಕಾಲ ಸಿಗಬೇಕು. ಚಿಂತೆ ಹೊರಮೈ ಭಾಗಗಳದ್ದು: ಮುಂದೀಪ, ಹಿಂದೀಪದ ಪಟ್ಟಿ, ಬಂಪರ್, ಹಿಂದಿನ ದೊಡ್ಡ ಗಾಜು. ಇವು ಆ ಒಂದೇ ಕಾರಿಗೆ ಮಾಡಿದವು. ಸಣ್ಣ ಅಪಘಾತವಾದರೂ ಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾದೀತು. ವಿಮೆ ಮಾಡಿಸುವಾಗ ದುರಸ್ತಿ ಅವಧಿಗೆ ಬದಲಿ ಕಾರು ಕೊಡುವ ಷರತ್ತನ್ನು ಕೇಳಿ ಸೇರಿಸಿಕೊಳ್ಳಿ.

ಯಾರಿಗೆ ಯಾವುದು

ಈಗಿರುವ ಕಾರು ಬಿ58 ಎಂಜಿನ್ನಿನ ಬಿಎಂಡಬ್ಲ್ಯು ಆಗಿದ್ದು, ಬಂದಿರುವ ಬಿಲ್ಲು ಗ್ಯಾಸ್ಕೆಟ್ಟು, ಕೊಳವೆಗಳದ್ದಾದರೆ ಬದಲಿಸಬೇಡಿ. ರಿಪೇರಿ ಮಾಡಿಸಿ, ಒಳ್ಳೆಯ ಸ್ವತಂತ್ರ ಗ್ಯಾರೇಜು ಹುಡುಕಿ, ಇನ್ನೂ ಕೆಲವು ವರ್ಷ ಓಡಿಸಿ. ಬೇರೆ ಕಾರಿಗೆ ಕೊಡುವ ನೋಂದಣಿ, ತೆರಿಗೆ, ಮಾರಾಟದ ನಷ್ಟಗಳನ್ನು ಕೂಡಿದರೆ ಆ ಬಿಲ್ಲು ಸಣ್ಣದಾಗಿ ಕಾಣುತ್ತದೆ. ಇದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ.

ನಿಮ್ಮದು ನಾಲ್ಕು ಸಿಲಿಂಡರಿನ ಸಿ-ಕ್ಲಾಸ್ ಅಥವಾ ಎ4 ಆಗಿದ್ದು, ದೂರದ ಪ್ರಯಾಣ ಹೆಚ್ಚಿದ್ದರೆ ಸ್ಟಿಂಗರ್ ವಿ6 ನಿಮಗೆ ನಷ್ಟವಲ್ಲ, ಬಡ್ತಿ. 2021ರ ಸಿ-ಕ್ಲಾಸ್ ಪೀಳಿಗೆಯಲ್ಲಿ ಅದರ ಅತಿ ಶಕ್ತಿಶಾಲಿ ಆವೃತ್ತಿಯಾದ ಎಎಂಜಿ ಸಿ63 ಕೂಡ ನಾಲ್ಕು ಸಿಲಿಂಡರಿಗೆ ಇಳಿಯಿತು ಎಂಬುದನ್ನು ನೆನೆದರೆ ದೊಡ್ಡ ಆರು ಸಿಲಿಂಡರಿನ ಪೆಟ್ರೋಲ್ ಕಾರು ಸಿಗುವಾಗಲೇ ಅನುಭವಿಸುವುದು ತಪ್ಪೇನಲ್ಲ. ಹಿಂದಿನ ಸೀಟು ಮಡಚಿದರೆ ಸ್ಟಿಂಗರ್‌ನ ಲಿಫ್ಟ್‌ಬ್ಯಾಕ್ ಬಾಗಿಲಿನಿಂದ ಸೈಕಲ್ ಕೂಡ ಒಳಹೋಗುತ್ತದೆ. ಸೆಡಾನ್ ಡಿಕ್ಕಿಯಲ್ಲಿ ಅದು ಆಗದ ಮಾತು. ನಗರದೊಳಗೇ ಓಡಾಡುವವರಿಗೆ, ಸಣ್ಣ ಪಾರ್ಕಿಂಗ್ ಜಾಗ ಇರುವವರಿಗೆ ಮಾತ್ರ ಅದರ ಉದ್ದ ಮತ್ತು ಬಾಯಾರಿಕೆ ಎರಡೂ ಹೊರೆ. ಅವರಿಗೆ ಜಿ70ರ ನಾಲ್ಕು ಸಿಲಿಂಡರ್, ಅದರಲ್ಲೂ 2.5 ಲೀಟರಿನದು ಸಿಗುವ ಮಾರುಕಟ್ಟೆಯಲ್ಲಿ, ಸೊಗಸಾದ ಆಯ್ಕೆ.

ಕಾರನ್ನು ಮೂರು ವರ್ಷಕ್ಕೊಮ್ಮೆ ಬದಲಿಸುವ, ವಾರಂಟಿ ಮುಗಿಯುವ ಮುನ್ನವೇ ಹಿಂದಿರುಗಿಸುವ ಜನರಿಗೆ ಇಲ್ಲಿ ಹೇಳಿದ ಅರ್ಧ ವಾದ ಅನ್ವಯಿಸುವುದೇ ಇಲ್ಲ. ಗೇರ್‌ಬಾಕ್ಸ್, ಡ್ಯಾಂಪರ್, ಸರ್ವಿಸ್ ಸೆಂಟರಿನ ಆತಿಥ್ಯ ಎಲ್ಲವೂ ಜರ್ಮನ್ನರ ಕಡೆಗೇ ವಾಲುತ್ತವೆ. ಅವರು ಇದ್ದಲ್ಲೇ ಇರಲಿ.

ನೋಡಲು ಹೋದಾಗ

ಮಾಲೀಕರಿಗೆ ಮೊದಲೇ ಫೋನ್ ಮಾಡಿ, ನೀವು ಬರುವವರೆಗೆ ಎಂಜಿನ್ ಚಾಲೂ ಮಾಡದಿರಲು ಕೇಳಿಕೊಳ್ಳಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಚಾಸಿ ಸಂಖ್ಯೆ ಹಾಕಿ ಆ ಕಾರಿನ ಮೇಲೆ ಬಾಕಿ ಇರುವ ರೀಕಾಲ್‌ಗಳನ್ನು (ದೋಷ ಸರಿಪಡಿಸಲು ಕಂಪನಿ ಹಿಂದಕ್ಕೆ ಕರೆದ ಪ್ರಕರಣಗಳನ್ನು) ಕಂಪನಿಯ ದಾಖಲೆಯಲ್ಲಿ ಪರಿಶೀಲಿಸಿ. ಎಂಜಿನ್ನಿನ ಟ್ಯೂನಿಂಗ್ ಬದಲಿಸಿದ್ದಾರೆಯೇ ಎಂದು ನೇರವಾಗಿ ಕೇಳಿ, ಏಕೆಂದರೆ ಈ ವಿ6ಗೆ ಹೆಚ್ಚುವರಿ ಕಂಪ್ಯೂಟರ್ ಪೆಟ್ಟಿಗೆ ಸೇರಿಸಿ ಶಕ್ತಿ ಹಿಂಡುವ ಚಪಲ ವ್ಯಾಪಕವಾಗಿದೆ; ಮಾರುವ ಮುನ್ನ ಪೆಟ್ಟಿಗೆ ತೆಗೆದರೂ ಅದು ಮಾಡಿದ ಸವೆತ ಉಳಿದಿರುತ್ತದೆ. ಆಯಿಲ್ ಬದಲಿಸಿದ ರಸೀದಿಗಳು ದಿನಾಂಕ ಸಮೇತ ಬೇಕು, ಬಾಯಿಮಾತು ಸಾಲದು.

ಓಡಿಸುವಾಗ ನಯವಾದ ಹೆದ್ದಾರಿಗೆ ಹೋಗಬೇಡಿ. ನಿಮ್ಮ ಹಳೆಯ ಕಾರಿನಲ್ಲಿ ದಿನವೂ ಸಾಗುವ, ಪ್ರತಿ ಗುಂಡಿಯೂ ಪರಿಚಿತವಾಗಿರುವ ರಸ್ತೆಯನ್ನೇ ಆರಿಸಿ, ಕಂಫರ್ಟ್ ಮತ್ತು ಸ್ಪೋರ್ಟ್ ಎರಡರಲ್ಲೂ ಓಡಿಸಿ. ಮರಳಿದ ಮೇಲೆ ನಾಲ್ಕೂ ಟೈರುಗಳ ಹೆಸರು ಮತ್ತು ಸವೆತ ಹೋಲಿಸಿ ನೋಡಿ. ನಾಲ್ಕು ಚಕ್ರಗಳ ಚಾಲನೆಯ ಕಾರಿನಲ್ಲಿ ಹಿಂದಿನ ಜೋಡಿ ಹೊಸದು, ಮುಂದಿನದು ನುಣ್ಣಗಾಗಿದ್ದರೆ ಸುತ್ತಳತೆಯ ವ್ಯತ್ಯಾಸ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಮೇಲೆ ನಿರಂತರ ಒತ್ತಡ ಹಾಕಿರುತ್ತದೆ. ಅಂಥ ಕಾರನ್ನು ಕೊಳ್ಳುವುದೇ ಆದರೆ ಟ್ರಾನ್ಸ್‌ಫರ್ ಕೇಸ್ ಪರಿಶೀಲನೆ ಮತ್ತು ನಾಲ್ಕು ಹೊಸ ಟೈರುಗಳ ಖರ್ಚನ್ನು ಬೆಲೆಯಿಂದ ಮುರಿದುಕೊಂಡೇ ಮಾತು ಮುಗಿಸಿ.